ದುರ್ಗಾ ಹುಟ್ಟಿದ್ದನ್ನ ಯಾರೂ ನಂಬಲಿಲ್ಲ

ರಟ್ಟೀಹಳ್ಳಿಯಿಂದ ಮಾತಾಡ್ತಾ ಇದೀನಿ. ಇವತ್ತು ಇಯರ್‌ಫೋನ್ ಹಾಕ್ಕೊಂಡು ಕೇಳಿದ್ರೆ ಛಲೋ. ಯಾಕಂದ್ರೆ ವಿಷಯ ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಮಾತಾಡೋದಲ್ಲ: ಮಕ್ಕಳಾಗದೇ ಇರೋದು, ಅದಕ್ಕೆ ಡಾಕ್ಟರ್ ಹತ್ರ ಉತ್ತರ ಹುಡುಕೋದು. ಆ ಹುಡುಕಾಟಕ್ಕೂ ಒಂದು ಇತಿಹಾಸ ಇದೆ.

ಭಾರತದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಯಾರು ಅಂತ ಫೋನಲ್ಲಿ ಹುಡುಕಿ ನೋಡ್ರಿ. ಎರಡು ಉತ್ತರ ಸಿಗುತ್ತೆ. ಒಂದು, ಹರ್ಷಾ. ಮುಂಬೈ ಕೆಇಎಂ ಆಸ್ಪತ್ರೆ, 6 ಆಗಸ್ಟ್ 1986. ಇನ್ನೊಂದು, ದುರ್ಗಾ. ಕಲ್ಕತ್ತಾ, 3 ಅಕ್ಟೋಬರ್ 1978. ಜಗತ್ತಿನ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿ ಬರೀ 70 ದಿನ ಆಗಿತ್ತು ಆಗ!

ದುರ್ಗಾ ಹಿಂದೆ ಇದ್ದ ಡಾಕ್ಟರ್ ಹೆಸರು ಸುಭಾಷ್ ಮುಖರ್ಜಿ. ಸಮಸ್ಯೆ ಏನಂದ್ರೆ, ತಾಯಿಯ ಅಂಡನಾಳ ಹಾಳಾಗಿತ್ತು. ಅಂಡಾಣು, ವೀರ್ಯಾಣು ಭೇಟಿ ಆಗೋದೇ ಆ ನಾಳದಲ್ಲಿ. ದಾರಿ ಬಂದ್ ಆದ್ರೆ ಭೇಟಿಯನ್ನ ಹೊರಗೇ ಮಾಡಿಸಬೇಕು. ಇಂಗ್ಲೆಂಡಿನವರು ತಿಂಗಳಿಗೆ ಸಹಜವಾಗಿ ಬರೋ ಒಂದೇ ಅಂಡಾಣುವನ್ನ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ತೆಗೆದಿದ್ರು. ಮುಖರ್ಜಿ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಒಂದಕ್ಕಿಂತ ಹೆಚ್ಚು ಅಂಡಾಣು ಬೆಳೆಸಿದ್ರು, ಯೋನಿ ಮಾರ್ಗದಿಂದ ತೆಗೆದ್ರು, ಭ್ರೂಣವನ್ನ 53 ದಿನ ಫ್ರೀಜ್ ಮಾಡಿಟ್ಟು ಆಮೇಲೆ ಗರ್ಭಕೋಶಕ್ಕೆ ಸೇರಿಸಿದ್ರು. ಇಂಜೆಕ್ಷನ್, ಕೆಳಗಿಂದ ಅಂಡಾಣು ತೆಗೆಯೋದು, ಫ್ರೋಜನ್ ಭ್ರೂಣ — ಇವತ್ತು ಯಾವ ಐವಿಎಫ್ ಸೆಂಟರ್‌ಗೆ ಹೋದ್ರೂ ಈ ಮೂರೂ ಮಾತು ಕಿವಿಗೆ ಬೀಳುತ್ತೆ.

ಆದ್ರೆ ಪಶ್ಚಿಮ ಬಂಗಾಳ ಸರ್ಕಾರ ಆ ನವೆಂಬರ್‌ನಲ್ಲೇ ಒಂದು ವಿಚಾರಣಾ ಸಮಿತಿ ಹಾಕ್ತು. ಅಧ್ಯಕ್ಷರು ಯಾರು ಗೊತ್ತಾ? ರೇಡಿಯೋ ಫಿಸಿಕ್ಸ್ ಪ್ರಾಧ್ಯಾಪಕರು. ಸಮಿತಿ ಇವರ ಮಾತನ್ನ ನಂಬಲೇ ಇಲ್ಲ. ಜಪಾನಿನ ಸಭೆಯಲ್ಲಿ ಹೋಗಿ ವಿವರಿಸ್ತೀನಿ ಅಂದ್ರೆ ಅನುಮತಿ ಸಿಗಲಿಲ್ಲ. ವರ್ಗಾವಣೆ ಮೇಲೆ ವರ್ಗಾವಣೆ, ಕೊನೆಗೆ ಕಣ್ಣಿನ ಸಂಸ್ಥೆಗೆ. 19 ಜೂನ್ 1981ರಂದು ಅವರು ತಮ್ಮ ಜೀವ ತಾವೇ ತೆಗೆದುಕೊಂಡ್ರು.

ಕಾಲ ಎಂಥದ್ದು ಅನ್ನೋದನ್ನೂ ನೋಡಬೇಕು. ಮಕ್ಕಳು ಬೇಡ ಅನ್ನೋರಿಗೆ ನಮ್ಮಲ್ಲಿ ಸರ್ಕಾರ ಬೇಗನೇ ಬಾಗಿಲು ತೆರೆದಿತ್ತು. ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ಶುರು ಮಾಡ್ತು. ತುರ್ತುಪರಿಸ್ಥಿತಿಯಲ್ಲಂತೂ ದೇಶದ ತುಂಬ ಆಪರೇಷನ್ ಕ್ಯಾಂಪು, ಗೋಡೆ ತುಂಬ ಕೆಂಪು ತ್ರಿಕೋನ. ಅದು ಮುಗಿದು ಒಂದೂವರೆ ವರ್ಷಕ್ಕೆ ಒಬ್ಬ ಡಾಕ್ಟರ್ ಬಂದು "ಮಗು ಹುಟ್ಟಿಸಿದೀನಿ" ಅಂದ್ರೆ ಕೇಳೋ ಕಿವಿ ಎಲ್ಲಿತ್ತು? ಇದು ನನ್ನ ಅನಿಸಿಕೆ ಅಷ್ಟೇ.

ಈಗ ಕಥೆ ನಮ್ಮ ರಾಜ್ಯಕ್ಕೆ ಬರುತ್ತೆ. ಮುಂಬೈಯಲ್ಲಿ ಹರ್ಷಾ ಹುಟ್ಟಿದಾಗ ಡಾ. ಇಂದಿರಾ ಹಿಂದುಜಾ ಜೊತೆ ಕೆಲಸ ಮಾಡಿದ ವಿಜ್ಞಾನಿ ಡಾ. ಟಿ.ಸಿ. ಆನಂದ್ ಕುಮಾರ್. 'ಭಾರತದ ಮೊದಲು' ಅನ್ನೋ ಹೆಸರು ಅವರದೇ ತಂಡದ್ದು. ಆಮೇಲೆ ಬೆಂಗಳೂರಿಗೆ ಬಂದು ಹೋಪ್ ಅನ್ನೋ ಬಂಜೆತನ ಚಿಕಿತ್ಸಾ ಕ್ಲಿನಿಕ್ ನಡೆಸಿದ್ರು. 1997ರಲ್ಲಿ ಕಲ್ಕತ್ತಾಕ್ಕೆ ಹೋದಾಗ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳು ಇವರ ಕೈಗೆ ಸಿಕ್ಕವು. ಓದಿದ್ರು, ಮಗುವಿನ ತಂದೆತಾಯಿ ಜೊತೆ ಮಾತಾಡಿದ್ರು. ಅದೇ ವರ್ಷ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಮೊದಲನೆಯವರು ನಾವಲ್ಲ, ಮುಖರ್ಜಿ, ಅಂತ ಬರೆದುಬಿಟ್ರು.

ನಾನು ಬಿ.ಕಾಂ. ಓದಿದವಳು. ಆಡಿಟ್ ಮಾಡೋರು ಬೇರೆಯವರ ಲೆಕ್ಕದಲ್ಲಿ ತಪ್ಪು ಹಿಡಿಯೋದು ಬೇಕಾದಷ್ಟು ನೋಡಿದೀನಿ. ತನ್ನ ಖಾತೆಗೆ ಜಮಾ ಆಗಿದ್ದನ್ನ ತಾನೇ ತೆಗೆದು, ಸತ್ತವರ ಖಾತೆಗೆ ಹಾಕಿದವರನ್ನ ಮಾತ್ರ ಇವರೊಬ್ಬರನ್ನೇ ಕಂಡಿದ್ದು.

ಸರಿ, ಆ ತಂದೆತಾಯಿ 1978ರಲ್ಲೇ ಮುಂದೆ ಬಂದು "ಹೌದು, ನಮ್ಮ ಮಗು" ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ಸಂಪ್ರದಾಯಸ್ಥ ಕುಟುಂಬ, ಜನ ಏನಂದಾರು ಅನ್ನೋ ಅಂಜಿಕೆ. ಸಮಿತಿ ಸಾಕ್ಷಿ ಕೇಳ್ತಿತ್ತು, ಸಾಕ್ಷಿ ತೊಟ್ಟಿಲಲ್ಲಿತ್ತು.

ಅವರನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ನಮ್ಮ ಮದುವೆಯಾಗಿ ನಾಲ್ಕು ವರ್ಷ. ನಮ್ಮ ಆಸ್ಪತ್ರೆ ಫೈಲು ಕಪಾಟಿನಲ್ಲಿ ಸೀರೆಗಳ ಕೆಳಗೆ ಇರುತ್ತೆ. ಮುಂಜಾನೆ ದಾವಣಗೆರೆ ಬಸ್ ಹತ್ತೋವಾಗ ಯಾರಾದ್ರೂ ಕೇಳಿದ್ರೆ "ಅರಿವಿ ತರಾಕ ಹೊಂಟೇವ್ರಿ" ಅಂತೀವಿ. ಮದುವೆ ಮನೆಗಳಲ್ಲಿ "ಏನವಾ, ವಿಶೇಷ ಏನರ ಐತೇನು?" ಅಂತ ನನ್ನನ್ನೇ ಕೇಳ್ತಾರೆ. ಇವರನ್ನ ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಮೊದಲು ತೋರಿಸಿದ ಕಡೆ, ಹೆಸರು ಬೇಡ, 14 ತಿಂಗಳು ನನಗೇ ಸ್ಕ್ಯಾನು, ನನಗೇ ರಕ್ತ ಪರೀಕ್ಷೆ, ನನಗೇ ಗುಳಿಗೆ. ಇವರ ವೀರ್ಯ ಪರೀಕ್ಷೆ ಆದದ್ದು ಅದಾದ ಮೇಲೆ, ಎರಡನೇ ಡಾಕ್ಟರ್ ಹತ್ರ. ಸೂಜಿ ಇಲ್ಲ, ಕೊಯ್ಯೋದಿಲ್ಲ, ಖರ್ಚೂ ಕಡಿಮೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಸೇರಿರುತ್ತೆ, ಅದಕ್ಕೇ ಇಬ್ಬರದ್ದೂ ಒಟ್ಟಿಗೇ ಶುರು ಆಗಬೇಕು. ಕೇಳ್ತಾ ಇರೋ ಹುಡುಗರೇ, ಇದು ನಿಮಗೆ. ರಿಸಲ್ಟ್ ಏನು ಬಂತು ಅಂತ ಹೇಳಲ್ಲ, ಅದು ನಮ್ಮಿಬ್ಬರದು. ಇಷ್ಟನ್ನ ಮೈಕ್ ಮುಂದೆ ಹೇಳೋಕೆ ಇವರು ಹೂಂ ಅಂದಿದಾರೆ.

ದುರ್ಗಾ ಸುಮ್ಮನಿರಲಿಲ್ಲ. 25 ತುಂಬಿದಾಗ, 2003ರಲ್ಲಿ, ಮುಖರ್ಜಿಯವರ ನೆನಪಿನ ಸಭೆಯಲ್ಲಿ ಎಲ್ಲರೆದುರು ಬಂದು ಆ ಮಗು ನಾನೇ ಅಂದ್ರು. ಆನಂದ್ ಕುಮಾರ್ 2010ರ ಜನವರಿಯಲ್ಲಿ ತೀರಿಕೊಂಡ್ರು. ಅದೇ ವರ್ಷ ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಅವರಿಗೆ ಐವಿಎಫ್‌ಗಾಗಿ ನೊಬೆಲ್ ಬಂತು.