ಟೇಕಾಫ್‌ಗೆ ಮುನ್ನ ಎಡ–ಬಲ ರೆಕ್ಕೆಯ ಇಂಧನ ಸಮ ಇರಬೇಕು, ಯಾಕೆ ಗೊತ್ತಾ?

ವಿಮಾನದ ಇಂಧನದ ದೊಡ್ಡ ಪಾಲು ಇರೋದು ರೆಕ್ಕೆಗಳ ಒಳಗೆ. ಮಂಗಳೂರಿನಿಂದ ಗಲ್ಫ್‌ಗೆ ಹೋಗಿಬರುವವರಿಗೆ ಪರಿಚಯವಿರುವ ಬೋಯಿಂಗ್ 737-800 ವಿಮಾನವನ್ನೇ ನೋಡಿ. ಎರಡೂ ರೆಕ್ಕೆಗಳಲ್ಲಿ ತಲಾ ಸುಮಾರು 3,900 ಕೆ.ಜಿ. ಇಂಧನ ಹಿಡಿಯುವ ಟ್ಯಾಂಕ್, ನಡುವೆ ಸುಮಾರು 13,000 ಕೆ.ಜಿ.ಯ ಇನ್ನೊಂದು ಟ್ಯಾಂಕ್. ಕಡಿಮೆ ದೂರದ ಹಾರಾಟಕ್ಕೆ ನಡುವಿನ ಟ್ಯಾಂಕ್ ಸಾಮಾನ್ಯವಾಗಿ ಖಾಲಿಯೇ ಇರುತ್ತೆ.

ಎಷ್ಟು ವ್ಯತ್ಯಾಸ ನಡೆಯುತ್ತೆ?

ಇಂಧನ ತುಂಬಿಸುವಾಗ ಎರಡೂ ರೆಕ್ಕೆಗೆ ಸಮನಾಗಿ ತುಂಬಿಸಬೇಕು ಅನ್ನೋದು ನಿಯಮ. ಆಕಸ್ಮಿಕವಾಗಿ ಬರುವ ವ್ಯತ್ಯಾಸ 453 ಕೆ.ಜಿ., ಅಂದ್ರೆ ಹೆಚ್ಚುಕಮ್ಮಿ 565 ಲೀಟರ್ ದಾಟುವಂತಿಲ್ಲ. ನೆಲದ ಮೇಲೆ ಚಕ್ರಗಳು ಭಾರ ಹೊರುವುದರಿಂದ ವ್ಯತ್ಯಾಸ ಗೊತ್ತಾಗಲ್ಲ. ಚಕ್ರ ಮೇಲೆದ್ದ ಕ್ಷಣ ಭಾರದ ಕಡೆಗೆ ವಿಮಾನ ವಾಲಲು ನೋಡುತ್ತೆ. ಆಗ ವೇಗ ಕಡಿಮೆ, ಅಡ್ಡಗಾಳಿ ಬೇರೆ ಇದ್ದರೆ ಪೈಲಟ್ ಕೈಗೆ ಕೆಲಸ ಜಾಸ್ತಿ.

ವ್ಯತ್ಯಾಸ ಬರೋದು ಹೇಗೆ?

ನಿಂತ ವಿಮಾನಕ್ಕೆ ಕರೆಂಟ್, ಎ.ಸಿ. ಕೊಡೋದು ಬಾಲದಲ್ಲಿರುವ ಎಪಿಯು ಎಂಬ ಸಣ್ಣ ಎಂಜಿನ್. 737ರಲ್ಲಿ ಇದು ಸಾಮಾನ್ಯವಾಗಿ ಎಡ ಟ್ಯಾಂಕ್‌ನಿಂದ ಇಂಧನ ಕುಡಿಯುತ್ತೆ. ವಿಮಾನ ಹೊರಡೋದು ತಡವಾದಷ್ಟೂ ಎಡಭಾಗ ಹಗುರ. ಒಂದೇ ಎಂಜಿನ್ ಹಾಕಿಕೊಂಡು ರನ್‌ವೇ ಕಡೆ ಸಾಗಿದರೂ ಹೀಗೇ ಆಗುತ್ತೆ.

ಸರಿಮಾಡೋದು ಹೇಗೆ?

ನಿಲ್ದಾಣದಲ್ಲೇ ಗೊತ್ತಾದರೆ ಟ್ಯಾಂಕರ್ ಕರೆಸಿ ಕಡಿಮೆ ಇರುವ ಕಡೆಗೆ ತುಂಬಿಸಬಹುದು. ಎಂಜಿನ್ ಶುರುವಾದ ಮೇಲಾದರೆ ಎರಡೂ ಕಡೆಯ ಪೈಪ್‌ಗಳನ್ನು ಜೋಡಿಸುವ ಕ್ರಾಸ್‌ಫೀಡ್ ವಾಲ್ವ್ ತೆರೆದು, ಕಡಿಮೆ ಇರುವ ಕಡೆಯ ಪಂಪ್ ಆಫ್ ಮಾಡ್ತಾರೆ. ಆಗ ಎರಡೂ ಎಂಜಿನ್ ಭಾರದ ಟ್ಯಾಂಕ್‌ನಿಂದಲೇ ಉರಿಯುತ್ತವೆ. ನೆಲದ ಮೇಲೆ ನಿಮಿಷಕ್ಕೆ ಸುಮಾರು 12 ಕೆ.ಜಿ. ಖರ್ಚು, ಹಾಗಾಗಿ 100 ಕೆ.ಜಿ. ಸರಿದೂಗಿಸಲು 8 ನಿಮಿಷವಾದರೂ ಬೇಕು. ಸಮ ಆದ ಮೇಲೆ ಪಂಪ್ ಆನ್, ವಾಲ್ವ್ ಬಂದ್. ಟೇಕಾಫ್ ವೇಳೆ ವಾಲ್ವ್ ಮುಚ್ಚಿರಲೇಬೇಕು. ಒಂದು ಕಡೆಯ ತೊಂದರೆ ಇನ್ನೊಂದು ಕಡೆಗೆ ಹೋಗಬಾರದು ಅನ್ನೋದು ಉದ್ದೇಶ.

ಮೊದಲು ಕಾರಣ, ಆಮೇಲೆ ವಾಲ್ವ್

ಗಲ್ಲಾಪೆಟ್ಟಿಗೆಯಲ್ಲಿ ಹಣ ಕಮ್ಮಿ ಬಂದರೆ ಅಂಗಡಿಯವರು ಜೇಬಿನಿಂದ ಹಾಕಿ ಸುಮ್ಮನಾಗಲ್ಲ, ಎಲ್ಲಿ ಹೋಯ್ತು ಅಂತ ನೋಡ್ತಾರೆ. ಇಲ್ಲೂ ಅಷ್ಟೇ. ತುಂಬಿಸಿದ್ದೆಷ್ಟು, ಖರ್ಚಾಗಿದ್ದೆಷ್ಟು, ಉಳಿದಿದ್ದೆಷ್ಟು ಎಂಬ ಲೆಕ್ಕ ತಾಳೆಯಾಗದಿದ್ದರೆ ಸೋರಿಕೆ ಇರಬಹುದು.

2001ರ ಆಗಸ್ಟ್ 24ರಂದು ಟೊರೊಂಟೊದಿಂದ ಲಿಸ್ಬನ್‌ಗೆ ಹೊರಟಿದ್ದ ಏರ್ ಟ್ರಾನ್ಸಾಟ್ 236ರಲ್ಲಿ ಆಗಿದ್ದು ಇದೇ. ಅಟ್ಲಾಂಟಿಕ್ ಸಾಗರದ ಮೇಲೆ ಈ ಏರ್‌ಬಸ್ ಎ330 ವಿಮಾನ ಇಂಧನ ಅಸಮತೋಲನದ ಸೂಚನೆ ತೋರಿಸಿತು. ಪೈಲಟ್‌ಗಳು ಕ್ರಾಸ್‌ಫೀಡ್ ತೆರೆದರು. ಆದರೆ ಬಲ ಎಂಜಿನ್‌ನ ಇಂಧನ ಪೈಪ್ ಒಡೆದಿತ್ತು. ಎಡಗಡೆಯ ಇಂಧನವೂ ಅದೇ ದಾರಿಯಲ್ಲಿ ಸೋರಿಹೋಗಿ ಎರಡೂ ಎಂಜಿನ್ ನಿಂತವು. ಸುಮಾರು 19 ನಿಮಿಷ ಎಂಜಿನ್ ಇಲ್ಲದೆ ತೇಲಿದ ವಿಮಾನ ಅಜೋರ್ಸ್ ದ್ವೀಪದ ಲಾಜೆಸ್‌ನಲ್ಲಿ ಇಳಿಯಿತು. 306 ಜನರೂ ಬದುಕಿದರು.

ಆಕಾಶದಲ್ಲಿ ಆ ಲೆಕ್ಕ ಹಾಕಲು ಸಿಗೋದು ಸ್ವಲ್ಪವೇ ಹೊತ್ತು. ನೆಲದ ಮೇಲಾದರೆ ಗೇಟ್‌ಗೆ ವಾಪಸ್ ಬಂದು, ಎಂಜಿನಿಯರ್ ಕರೆಸಿ ನೋಡಿಸಬಹುದು. ಪ್ರಯಾಣಿಕರಿಗೆ ತಪ್ಪೋದು ಬರೀ ಹತ್ತಿಪ್ಪತ್ತು ನಿಮಿಷ, ಹೆಚ್ಚೆಂದರೆ ಒಂದು ಕನೆಕ್ಷನ್ ವಿಮಾನ.