ಎರವಲು ಚಿತ್ರ, ಎರವಲು ಗಾನ: ‘ನೌ’ ಕಿರುಚಿತ್ರವನ್ನು ಕುರಿತು ಒಂದು ವಿವೇಚನೆ

ಶಾಸನವನ್ನೂ ಕಡತವನ್ನೂ ಪರೀಕ್ಷಿಸುವ ಕ್ರಮ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಆದರೆ ಅನ್ಯರು ತೆಗೆದ ಚಿತ್ರಗಳನ್ನು ಆಯ್ದು, ಕತ್ತರಿಸಿ, ಸಂಗೀತಕ್ಕೆ ಹೊಂದಿಸಿ ಜೋಡಿಸಿದ ಚಲಚ್ಚಿತ್ರವೂ ಆಕರವಾಗಬಲ್ಲುದೆ? ಆಗುವುದಾದರೆ ಅದು ಯಾವುದಕ್ಕೆ ಆಕರ? ಕ್ಯೂಬಾ ದೇಶದ ಸಾಂಟಿಯಾಗೊ ಆಲ್ವಾರೆಜ್ 1965ರಲ್ಲಿ ರಚಿಸಿದ ‘ನೌ’, ಎಂದರೆ ‘ಈಗಲೇ’, ಎಂಬ ಸುಮಾರು ಆರು ನಿಮಿಷಗಳ ಚಿತ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಕ್ಯೂಬಾದ ಕ್ರಾಂತಿ 1959ರ ಜನವರಿಯಲ್ಲಿ ಸಫಲವಾಯಿತು. ಹೊಸ ಸರ್ಕಾರವು ಅದೇ ಮಾರ್ಚ್ ತಿಂಗಳಲ್ಲಿ ಹವಾನಾದಲ್ಲಿ ಚಲಚ್ಚಿತ್ರ ಸಂಸ್ಥೆಯೊಂದನ್ನು ಸ್ಥಾಪಿಸಿತು. 1960ರಲ್ಲಿ ಆರಂಭವಾದ ಅದರ ವಾರ್ತಾಚಿತ್ರ ವಿಭಾಗದ ಹೊಣೆ ಆಲ್ವಾರೆಜ್‌ಗೆ ಬಂದಿತು. 1962ರಲ್ಲಿ ಅಮೆರಿಕವು ವಾಣಿಜ್ಯ ನಿರ್ಬಂಧ ವಿಧಿಸಿದ ಬಳಿಕ ಹೊಸ ಸಾಮಗ್ರಿ ದುರ್ಲಭವಾಯಿತು. ಅಮೆರಿಕದ ಪತ್ರಿಕೆಗಳ ಛಾಯಾಚಿತ್ರಗಳೂ ವಾರ್ತಾಚಿತ್ರಗಳ ತುಣುಕುಗಳೂ ಅಲ್ಲಿ ಕಚ್ಚಾವಸ್ತುಗಳಾದುವು. ಅಭಾವವೇ ಒಂದು ಪದ್ಧತಿಗೆ ಜನ್ಮವಿತ್ತಿತೆನ್ನಬೇಕು.

ಗಾನವೂ ಎರವಲೇ. ಅಮೆರಿಕದ ಕರಿಯ ಗಾಯಕಿ ಲೀನಾ ಹಾರ್ನ್ 1963ರಲ್ಲಿ ಹಾಡಿದ ಈ ಗೀತೆಯ ಧಾಟಿ ಯೆಹೂದ್ಯರ ‘ಹವಾ ನಗೀಲಾ’ ಎಂಬ ಹಾಡಿನದು. ಮಾತುಗಳು ಸಮಾನ ಹಕ್ಕನ್ನು ಕೋರುವಂಥವು. ಆಲ್ವಾರೆಜ್ ಬೇರೆ ವ್ಯಾಖ್ಯಾನವನ್ನು ಸೇರಿಸಲಿಲ್ಲ. ನಿಶ್ಚಲವಾದ ಛಾಯಾಚಿತ್ರದ ಮೇಲೆ ಕ್ಯಾಮರಾ ಸಂಚರಿಸುತ್ತದೆ; ಲಾಠಿಯಿಂದ ಮುಖಕ್ಕೆ, ಮುಖದಿಂದ ಸಂಕೋಲೆ ತೊಟ್ಟ ಕೈಗೆ ಹಾಯುತ್ತದೆ. ತಾಳದ ಪೆಟ್ಟು ಬೀಳುವಲ್ಲಿ ಚಿತ್ರ ಬದಲಾಗುತ್ತದೆ. ವಾದವನ್ನು ಮಂಡಿಸುವುದು ಇಲ್ಲಿ ವಾಕ್ಯವಲ್ಲ, ಲಯ.

ಇದರಿಂದ ಪಡೆದುದೇನು, ಕಳೆದುಕೊಂಡುದೇನು? ಪತ್ರಿಕೆಯ ಪುಟದಲ್ಲಿ ಚಿತ್ರದ ಕೆಳಗೆ ಸ್ಥಳ, ಕಾಲ, ಕೆಲವೊಮ್ಮೆ ವ್ಯಕ್ತಿಯ ಹೆಸರು ಇರುತ್ತವೆ. ಸಂಗೀತಕ್ಕೆ ಜೋಡಿಸಿದಾಗ ಅವೆಲ್ಲ ಅಳಿದುಹೋಗುತ್ತವೆ. ಪೆಟ್ಟು ತಿಂದವನು ಇಂಥವನೆಂದಾಗಿ ಉಳಿಯದೆ ಸಮಸ್ತ ಪೀಡಿತರ ಪ್ರತಿನಿಧಿಯಾಗುತ್ತಾನೆ. ಚಿತ್ರದ ಶಕ್ತಿಯಿರುವುದು ಇದರಲ್ಲಿಯೇ. ಆ ಮನುಷ್ಯನಿಗೆ ಆಗುವ ಎರಡನೆಯ ಅನ್ಯಾಯವೂ ಇದರಲ್ಲಿಯೇ. ಚಿತ್ರದ ಕೊನೆಯಲ್ಲಿ ಗುಂಡುಗಳು ‘ನೌ’ ಎಂಬ ಅಕ್ಷರಗಳನ್ನು ಕೊರೆಯುತ್ತವೆ. ಇದು ಯಾವ ಬೀದಿಯಲ್ಲಿಯೂ ನಡೆದುದಲ್ಲ, ಸಂಕಲನಕಾರನೇ ರಚಿಸಿದುದು. ಇಲ್ಲಿ ಮಾತನಾಡುತ್ತಿರುವುದು ಹವಾನಾ ಎಂಬುದನ್ನು ಅದು ಮರೆಮಾಚುವುದಿಲ್ಲ.

ಆದುದರಿಂದ ಇಂಥ ಚಿತ್ರಕ್ಕೆ ಎರಡು ಕಾಲಗಳುಂಟೆಂಬುದು ನಮ್ಮ ಅಭಿಪ್ರಾಯ. ಬಿಡಿಚಿತ್ರಗಳು ಅಮೆರಿಕದ ಬೀದಿಗಳಿಗೆ ಸಾಕ್ಷಿ. ಜೋಡಣೆಯು, ವೈರಿರಾಷ್ಟ್ರವನ್ನು 1965ರ ಕ್ಯೂಬಾ ನೋಡಿದ ಬಗೆಗೆ ಸಾಕ್ಷಿ. ಎರಡನೆಯದರಲ್ಲಿ ಪಕ್ಷಪಾತವಿದೆಯೆಂದು ಮೊದಲನೆಯದನ್ನು ಸುಳ್ಳೆನ್ನುವುದು ಎಷ್ಟು ತಪ್ಪೋ, ಮೊದಲನೆಯದು ನಿಜವೆಂದು ಎರಡನೆಯದನ್ನು ಪ್ರಶ್ನಿಸದಿರುವುದೂ ಅಷ್ಟೇ ತಪ್ಪು.

ಈ ಸಂಸ್ಥೆಯ ವಾರ್ತಾಚಿತ್ರಗಳ ಮೂಲಪ್ರತಿಗಳನ್ನು ಯುನೆಸ್ಕೊ 2009ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಸ್ಮೃತಿಯನ್ನು ಕಾಪಾಡುವುದು ಭಂಡಾರದ ಕೆಲಸ. ತರಗತಿಯಲ್ಲಿ ಇಂಥ ಚಿತ್ರವನ್ನು ತೋರಿಸುವ ಅಧ್ಯಾಪಕರ ಕೆಲಸ ಇನ್ನೊಂದುಂಟು. ಮೊದಲು ಹಾಡಿನೊಡನೆ ನೋಡಲಿ. ಬಳಿಕ ಧ್ವನಿಯನ್ನು ನಿಲ್ಲಿಸಿ ಒಂದೊಂದೇ ಚಿತ್ರದ ಮುಂದೆ ನಿಂತು ಕೇಳಲಿ: ಇದು ಯಾವ ಊರು, ಯಾವ ದಿನ, ಈತನ ಹೆಸರೇನು? ಲಯವು ಅಳಿಸಿದ ಹೆಸರನ್ನು ಹುಡುಕಿ ಮರಳಿ ಬರೆಯುವುದು ಇತಿಹಾಸದ ಧರ್ಮ.