ಕುದುರೆಯನ್ನು ಹೊತ್ತವರು: ಹಡಗಿನಿಂದ ಪಿಕಪ್‌ವರೆಗೆ

ವಿಜಯನಗರದ ಅರಸ ಸಾಳುವ ನರಸಿಂಹನು ಹಾರ್ಮುಜ್ ಮತ್ತು ಏಡನ್ ಬಂದರುಗಳಿಂದ ಕುದುರೆಗಳನ್ನು ತರಿಸುತ್ತಿದ್ದನು. ಮೂರು ಕುದುರೆಗೆ 1000 ಪರ್ದಾವೊ, ಅಂದರೆ ನಮ್ಮ ವರಹ, ಎಂಬುದು ದರ. ಕಡಲಿನಲ್ಲಿ ಕುದುರೆ ಸತ್ತರೆ ವ್ಯಾಪಾರಿಯು ಅದರ ಬಾಲವನ್ನು ತಂದೊಪ್ಪಿಸಿದರೆ ಸಾಕು. ಜೀವಂತ ಕುದುರೆಗೆ ಸಲ್ಲುವ ಹಣವೇ ಅದಕ್ಕೂ ಸಲ್ಲುತ್ತಿತ್ತು. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್. ನರಸಿಂಹನ ಕಾಲಕ್ಕಿಂತ ಸುಮಾರು ಅರ್ಧ ಶತಮಾನ ಈಚಿನವನಾದ್ದರಿಂದ ಅವನು ಕೇಳಿದ ಮಾತಿಗೆ ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ಕರಾರಿನ ಹಿಂದಿನ ಲೆಕ್ಕಾಚಾರ ನಂಬತಕ್ಕದ್ದೇ. ಮಾರ್ಗದ ನಷ್ಟವನ್ನು ಕೊಳ್ಳುವವನು ಹೊರದಿದ್ದರೆ ಮಾರುವವನು ಹಡಗನ್ನೇ ಹತ್ತುತ್ತಿರಲಿಲ್ಲ.

ಆ ಹಡಗುಗಳಾದರೂ ಎಂತಹವು? ಹಾರ್ಮುಜಿನ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದು 13ನೆಯ ಶತಮಾನದ ಮಾರ್ಕೊ ಪೋಲೊ ವಿವರಿಸಿದ್ದಾನೆ. ಸರಕು ತುಂಬಿ, ಅದರ ಮೇಲೆ ತೊಗಲು ಹಾಸಿ, ಭಾರತಕ್ಕೆ ಮಾರಲು ಒಯ್ಯುವ ಕುದುರೆಗಳನ್ನು ಆ ತೊಗಲಿನ ಮೇಲೆಯೇ ನಿಲ್ಲಿಸುತ್ತಿದ್ದರು. 1442ರಲ್ಲಿ ಹಾರ್ಮುಜಿನಿಂದ ಹೊರಟ ಪಾರಸಿ ರಾಯಭಾರಿ ಅಬ್ದುಲ್ ರಜಾಕನ ಪರಿವಾರ ಹಾಗೂ ಕುದುರೆಗಳನ್ನು ಬೇರೆಬೇರೆ ಹಡಗುಗಳಿಗೆ ಹಂಚಲಾಯಿತು. ಕಲ್ಲಿಕೋಟೆಗೆ ಬಂದಿಳಿದ ಅವನು ಮಂಗಳೂರು, ಬಿದನೂರುಗಳ ದಾರಿಯಾಗಿ ವಿಜಯನಗರವನ್ನು ತಲುಪಿದನು. ಹಿಂದಿರುಗಿದ್ದು ನಮ್ಮ ಹೊನ್ನಾವರದಿಂದ.

ಭಟ್ಕಳದಲ್ಲೋ ಗೋವೆಯಲ್ಲೋ ಇಳಿದ ಕುದುರೆಗೆ ಮುಂದೆ ಘಟ್ಟವಿತ್ತು. ಹಂಪೆಯ ಹಜಾರರಾಮ ದೇಗುಲದ ಹೊರಗೋಡೆಯಲ್ಲಿ ಕುದುರೆಗಳನ್ನು ಹಿಡಿದು ನಡೆಸುವವರ ಸಾಲನ್ನು ಕಂಡವರಿಗೆ ಈ ಪಯಣದ ಕೊನೆಯ ಹಂತ ಕಣ್ಣಿಗೆ ಕಟ್ಟುತ್ತದೆ. ಹಾರ್ಮುಜಿನವೂ ನಾಡತಳಿಗಳೂ ಸೇರಿ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದು ನೂನಿಜನ ಲೆಕ್ಕ. ದೂರದೇಶದ ಕುದುರೆ ವರ್ತಕರಿಗೆ ಊರು, ಮನೆ, ಮರ್ಯಾದೆಗಳನ್ನು ಕೊಟ್ಟು, ಅವರ ಸರಕು ಶತ್ರುಗಳ ಪಾಲಾಗದಂತೆ ನೋಡಿಕೊಳ್ಳಬೇಕೆಂದು ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿ ರಾಜನೀತಿಯಾಗಿಯೇ ಹೇಳಿದ್ದಾನೆ. 1547ರಲ್ಲಿ ಸದಾಶಿವರಾಯನಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಲ್ಲೂ ಗೋವೆಯ ಕುದುರೆಗಳೇ ಮುಖ್ಯ ವಿಷಯ.

ನಾವು ಈಗ ನೆಲೆಸಿರುವ ಕುವೈತ್ ಈ ವ್ಯಾಪಾರಕ್ಕೆ ಸೇರಿದ್ದು ತಡವಾಗಿ. 19ನೆಯ ಶತಮಾನದಲ್ಲಿ ಬಸ್ರಾದ ತುರ್ಕಿ ಸುಂಕವನ್ನು ತಪ್ಪಿಸಿಕೊಳ್ಳಲು ವರ್ತಕರು ಮರುಭೂಮಿಯ ಬುಡಕಟ್ಟುಗಳ ಕುದುರೆಗಳನ್ನು ಇಲ್ಲಿಗೆ ನಡೆಸಿ ತಂದು ಮುಂಬಯಿಗೆ ಸಾಗಿಸುತ್ತಿದ್ದರು. 1860ರ ದಶಕದಲ್ಲಿ ಬಂದ ಬ್ರಿಟಿಷ್ ಅಧಿಕಾರಿ ಲೂಯಿಸ್ ಪೆಲ್ಲಿಗೆ ಆತಿಥ್ಯ ನೀಡಿದ ಯೂಸುಫ್ ಬಿನ್ ಬದ್ರ್ ದೊಡ್ಡ ಕುದುರೆ ವರ್ತಕನೇ. ಬೆಂಗಳೂರಿಗೂ ಕೊಲ್ಲಿಯ ಆಚೆ ದಡದ ನಂಟಿದೆ: ಅಲಿ ಆಸ್ಕರ್ ರಸ್ತೆಗೆ ಹೆಸರಾದ ಆಗಾ ಅಲಿ ಆಸ್ಕರ್ ಶಿರಾಜಿನಿಂದ ಕುದುರೆ ಮಾರಲು ಬಂದವನು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಅವನ ಮೊಮ್ಮಗ. ಮುಂದೆ ಬ್ರಿಟಿಷ್ ಸೇನೆ ಆಸ್ಟ್ರೇಲಿಯದ ಕುದುರೆಗಳತ್ತ ತಿರುಗಿತು. ಬಳಿಕ ಮೋಟಾರು ಬಂದು ಕುದುರೆಯ ಕೆಲಸವನ್ನೇ ಕಸಿದುಕೊಂಡಿತು.

ಕಸಿದುಕೊಂಡ ಮೋಟಾರೇ ಈಗ ಕುದುರೆಯನ್ನು ಹೊರುತ್ತಿದೆ. ಜಹ್ರಾದ ಬೈತ್ ಅಲ್ ಅರಬ್ ಕೇಂದ್ರದಲ್ಲಿ ಅರಬ್ಬಿ ತಳಿಯನ್ನು ಇಂದಿಗೂ ಪೋಷಿಸುತ್ತಾರೆ. ಲಾಯದಿಂದ ಪಂದ್ಯದ ಮೈದಾನಕ್ಕೋ ಪಶುವೈದ್ಯರ ಬಳಿಗೋ ಹೋಗಲು ಕುದುರೆಗೆ ಟ್ರೇಲರ್ ಬೇಕು. ಅದನ್ನೆಳೆಯಲು ಕುವೈತಿಗಳು ‘ವಾನೆತ್’ ಎನ್ನುವ ಪಿಕಪ್ ಬೇಕು. ಎರಡು ಕುದುರೆಗಳ ಟ್ರೇಲರ್ ಬರಿದೇ ಒಂದು ಟನ್ನಿನಷ್ಟು ತೂಗುತ್ತದೆ; 400–450 ಕಿಲೋ ತೂಗುವ ಎರಡು ಅರಬ್ಬಿ ಕುದುರೆಗಳು ಏರಿದರೆ ಎರಡು ಟನ್ನಿನ ಹತ್ತಿರ. ಹಳೆಯ ಡೀಸೆಲ್ ಪಿಕಪ್ ಇದನ್ನು ಎಳೆಯಲಾರದೆಂದಲ್ಲ. ಕಡಿಮೆ ವೇಗದಲ್ಲೇ ಎಳೆಯುವ ಬಲ ಡೀಸೆಲ್ ಎಂಜಿನ್ನಿನ ಗುಣ, ಕುವೈತಿನಲ್ಲಿ ಘಟ್ಟವೂ ಇಲ್ಲ. ಕಷ್ಟವಿರುವುದು ನಿಲ್ಲಿಸುವುದರಲ್ಲಿ. ತನಗಿಂತ ಭಾರವಾದ ಟ್ರೇಲರ್‌ಗೆ ಸ್ವಂತ ಬ್ರೇಕಿಲ್ಲದಿದ್ದರೆ ಅದು ಹಿಂದಿನಿಂದ ಪಿಕಪ್ಪನ್ನು ತಳ್ಳುತ್ತದೆ. ತೂಕದ ಹತ್ತರಲ್ಲೊಂದು ಪಾಲಾದರೂ ಕೊಕ್ಕೆಯ ಮೇಲೆ ಬೀಳದಿದ್ದರೆ ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಒಂದೇ ಕುದುರೆಯಿದ್ದರೆ ಅದನ್ನು ಎಡಬದಿಗೆ ಕಟ್ಟುವರು. ಇಲ್ಲಿ ವಾಹನಗಳು ಬಲಕ್ಕೆ ಚಲಿಸುವುದರಿಂದ ರಸ್ತೆಯ ಇಳಿಜಾರು ಬಲಕ್ಕಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿಲು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶವಿದು. ಗಾಳಿ ನಿಂತು ಹಾಯಿ ಸೋತರೆ ಹಡಗಿನಲ್ಲಿ ಕುಡಿಯುವ ನೀರು ತೀರುತ್ತಿತ್ತು. ಇಲ್ಲಿ ಎಂಜಿನ್ ಕಾದು ಪಿಕಪ್ ನಿಂತರೆ, ಗಾಳಿಯಾಡದ ಟ್ರೇಲರ್ ಕ್ಷಣಾರ್ಧದಲ್ಲಿ ಒಲೆಯಾಗುತ್ತದೆ. ಆದ್ದರಿಂದ ಬೇಸಗೆಯಲ್ಲಿ ಇಂತಹ ಪ್ರಯಾಣಕ್ಕೆ ನಸುಕಿನ ಹೊತ್ತೇ ಲೇಸು. ಹಗಲಿನಲ್ಲೇ ಹೊರಡಬೇಕಾಗಿ ಬಂದು ಉಷ್ಣಮಾಪಕದ ಮುಳ್ಳು ಏರತೊಡಗಿದರೆ ಹಳೆಯ ಚಾಲಕರು ಎ.ಸಿ.ಯನ್ನು ಆರಿಸಿ, ಎಂಜಿನ್ನಿನ ಶಾಖವನ್ನು ಸ್ವಲ್ಪವಾದರೂ ಹೊರಗೆಳೆಯಲು ಹೀಟರ್ ಹಾಕುತ್ತಾರೆ. ಹೊರಗೆ ಐವತ್ತು ಡಿಗ್ರಿ, ಒಳಗೆ ಅದಕ್ಕೂ ಹೆಚ್ಚು. ಹಿಂದಿನ ಕುದುರೆಗೆ ಮಾತ್ರ ಗಾಳಿ ಬೀಸುತ್ತಿರುತ್ತದೆ.